ಎಣಿಸಿ ಕೊಟ್ಟ ಗುಳಿಗೆ, ಎಣಿಸಿ ಪಡೆದ ಗುಳಿಗೆ

ಕೇಳಿ–ಹೇಳಿ

ಬೀದರ್, ಕಲಬುರಗಿ, ಯಾದಗಿರಿ ಮೂರೂ ಕಡೆ ಈಗ ಮೆಡಿಕಲ್ ಕಾಲೇಜುಗಳಿವೆ. ಹೊಸ ಔಷಧದ ಪ್ರಯೋಗ, ಅಂದರೆ ಕ್ಲಿನಿಕಲ್ ಟ್ರಯಲ್ ಅನ್ನುವ ಮಾತು ಈ ಭಾಗದ ವಾರ್ಡುಗಳಲ್ಲೂ ಕಿವಿಗೆ ಬೀಳುತ್ತಿದೆ. ಆ ಔಷಧವನ್ನು ಬೀಗ ಹಾಕಿ ಕಾಯುವ, ಎಣಿಸಿ ಕೊಡುವ, ಎಣಿಸಿ ವಾಪಸು ಪಡೆಯುವ ಆಸ್ಪತ್ರೆ ಫಾರ್ಮಸಿಸ್ಟ್ ಕೆಲಸದ ಕುರಿತು ಬಂದ ಪತ್ರಗಳನ್ನು ಈ ಸಲ ಆರಿಸಿಕೊಂಡಿದ್ದೇವೆ. ಉತ್ತರ ಬರೆದವರು ಈ ಕೆಲಸವನ್ನು ಒಳಗಿನಿಂದ ಬಲ್ಲವರು.

ಪ್ರಶ್ನೆ: ನಮ್ಮ ಆಸ್ಪತ್ರೆಗೆ ಮೊದಲ ಸಲ ಟ್ರಯಲ್ ಬಂದಿದೆ. ಡಿಸ್ಪೆನ್ಸರಿ ನೋಡಿಕೊಳ್ಳುವ ನನಗೇ ಟ್ರಯಲ್ ಔಷಧದ ಉಸ್ತುವಾರಿಯನ್ನೂ ಕೊಟ್ಟಿದ್ದಾರೆ. ನಾನು ಓದಿದ್ದು ಡಿ.ಫಾರ್ಮ. ಇದಕ್ಕೆ ಬೇರೆ ಪದವಿ ಬೇಕೆ? ಮುಂದಿನ ವಾರ ಮೊದಲ ಪಾರ್ಸೆಲ್ ಬರುತ್ತದಂತೆ. ಏನೇನು ತಯಾರಿ ಇರಬೇಕು?
— ಫಾರ್ಮಸಿಸ್ಟ್, ಕಲಬುರಗಿ

ಉತ್ತರ: ಫಾರ್ಮಸಿ ಕೌನ್ಸಿಲಿನಲ್ಲಿ ನಿಮ್ಮ ನೋಂದಣಿ ಚಾಲ್ತಿಯಲ್ಲಿದ್ದರೆ ಡಿ.ಫಾರ್ಮ ಅಡ್ಡಿಯಲ್ಲ. ಬೇಕಾದದ್ದು ಗುಡ್ ಕ್ಲಿನಿಕಲ್ ಪ್ರಾಕ್ಟೀಸ್, ಅಂದರೆ ಟ್ರಯಲ್ ನಡೆಸುವ ಸರಿಯಾದ ಕ್ರಮದ ತರಬೇತಿಯ ಪ್ರಮಾಣಪತ್ರ, ಈ ಟ್ರಯಲ್‌ಗೆ ಸಂಬಂಧಿಸಿದ ತರಬೇತಿಯ ದಾಖಲೆ, ಮತ್ತು ಯಾರಿಗೆ ಯಾವ ಕೆಲಸ ಎಂದು ಬರೆದಿಡುವ ಡೆಲಿಗೇಶನ್ ಲಾಗ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಮುಖ್ಯ ಸಂಶೋಧಕರ ಸಹಿ. ಟ್ರಯಲ್ ಔಷಧದ ಹೊಣೆ ಮೂಲತಃ ಮುಖ್ಯ ಸಂಶೋಧಕರದು. ಅವರು ಅದನ್ನು ಬರವಣಿಗೆಯಲ್ಲಿ ನಿಮಗೆ ವಹಿಸಬೇಕು. ನೀವು 10ನೇ ತಾರೀಖು ಪಾರ್ಸೆಲ್ ಪಡೆದು, ಲಾಗ್‌ನಲ್ಲಿ ಸಹಿ 12ನೇ ತಾರೀಖಿಗೆ ಬಿದ್ದಿದ್ದರೆ ಆ ಎರಡು ದಿನ ನೀವು ಅಧಿಕಾರವಿಲ್ಲದೆ ಕೆಲಸ ಮಾಡಿದಂತೆ. ಟ್ರಯಲ್ ನಡೆಸುವ ಕಂಪನಿಯ ಪರವಾಗಿ ದಾಖಲೆ ಪರಿಶೀಲಿಸುವ ಮಾನಿಟರ್ ಬಂದಾಗ ಮೊದಲು ಕಣ್ಣಿಡುವುದು ಇಲ್ಲೇ.

ಪಾರ್ಸೆಲ್ ಬರುವ ಮೊದಲೇ ಕೇಳಿ ಪಡೆಯಬೇಕಾದ ಕಾಗದಗಳು ಇವು: ಪ್ರೋಟೊಕಾಲ್ (ಟ್ರಯಲ್ ಹೇಗೆ ನಡೆಯಬೇಕೆಂಬ ಯೋಜನೆ), ಫಾರ್ಮಸಿ ಮ್ಯಾನ್ಯುಯಲ್ (ಔಷಧ ಇಡುವ, ಕೊಡುವ ಕ್ರಮದ ಕೈಪಿಡಿ), ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪತ್ರ, ಕೇಂದ್ರ ಔಷಧ ನಿಯಂತ್ರಕರ ಅನುಮತಿಯ ಪ್ರತಿ, ದೇಶದ ಟ್ರಯಲ್‌ಗಳ ದಾಖಲೆಪಟ್ಟಿಯಾದ ಸಿಟಿಆರ್‌ಐ ನೋಂದಣಿ ಸಂಖ್ಯೆ. 2009ರ ಜೂನ್ 15ರಿಂದ ಆ ನೋಂದಣಿ ಕಡ್ಡಾಯ. ಇವುಗಳಲ್ಲಿ ನಿಮಗೆ ದಿನವೂ ಬೇಕಾಗುವುದು ಫಾರ್ಮಸಿ ಮ್ಯಾನ್ಯುಯಲ್. ಪೂರ್ತಿ ಓದಿ. ‘2ರಿಂದ 8 ಡಿಗ್ರಿ’ ಎಂದಿದ್ದರೆ ಸಾಲದು, ಆ ಗೆರೆ ದಾಟಿದರೆ ಎಷ್ಟು ಹೊತ್ತಿನೊಳಗೆ ಯಾರಿಗೆ ತಿಳಿಸಬೇಕು ಎಂಬುದೂ ಅದರಲ್ಲಿರಬೇಕು. ಇಲ್ಲದಿದ್ದರೆ ಈಗಲೇ ಕೇಳಿ. ಮೇ ತಿಂಗಳ ರಾತ್ರಿ ಕರೆಂಟು ಹೋದಾಗ ಕೇಳಿದರೆ ಫೋನ್ ಎತ್ತುವವರಿರುವುದಿಲ್ಲ.

ಪಾರ್ಸೆಲ್ ಬಂದ ಕೂಡಲೇ ಬಂದ ಗಂಟೆ–ನಿಮಿಷ ಬರೆದುಕೊಳ್ಳಿ. ಪೆಟ್ಟಿಗೆ ತೆರೆದು ಒಳಗಿರುವ, ಉಷ್ಣಾಂಶ ಬರೆದುಕೊಳ್ಳುವ ಡೇಟಾ ಲಾಗರ್‌ನ ಸ್ಟಾಪ್ ಗುಂಡಿ ಒತ್ತಿ. ಬಹಳ ಮಂದಿ ಮರೆಯುವುದು ಇದನ್ನೇ. ಔಷಧವನ್ನು ಫ್ರಿಜ್‌ಗೆ ಸೇರಿಸಿ ಲಾಗರನ್ನು ಮೇಜಿನ ಮೇಲೆ ಬಿಟ್ಟರೆ ಅದು ನಮ್ಮೂರಿನ 36 ಡಿಗ್ರಿಯನ್ನೂ ನಿಷ್ಠೆಯಿಂದ ಬರೆದುಕೊಳ್ಳುತ್ತಲೇ ಇರುತ್ತದೆ. ಔಷಧಕ್ಕೆ ಏನೂ ಆಗಿರುವುದಿಲ್ಲ, ಕಾಗದದಲ್ಲಿ ಮಾತ್ರ ಕೆಟ್ಟಿರುತ್ತದೆ. ಅದನ್ನು ಬಿಡಿಸಿ ಹೇಳಲು ವಾರ ಹಿಡಿಯುತ್ತದೆ. ಲಾಗರ್ ನಿಲ್ಲಿಸಿದ ಮೇಲೆ ನಂಬರ್ ಹಾಕಿದ ಔಷಧದ ಪೆಟ್ಟಿಗೆಗಳನ್ನು, ಅಂದರೆ ಕಿಟ್‌ಗಳನ್ನು ಫ್ರಿಜ್‌ನೊಳಗೆ ‘ಪರಿಶೀಲನೆಯಲ್ಲಿದೆ, ಕೊಡಬಾರದು’ ಎಂಬ ಚೀಟಿ ಅಂಟಿಸಿದ ಬೇರೆ ಅರೆಯಲ್ಲಿಡಿ. ಆಮೇಲೆ ನಿಧಾನವಾಗಿ ಲಾಗರನ್ನು ಕಂಪ್ಯೂಟರಿಗೆ ಚುಚ್ಚಿ ದಾರಿಯ ಉಷ್ಣಾಂಶದ ಪಿಡಿಎಫ್ ತೆಗೆಯಿರಿ. ಕಿಟ್ ನಂಬರ್, ಬ್ಯಾಚ್, ಅವಧಿ ಮುಗಿಯುವ ದಿನಾಂಕ, ಸೀಲು ಒಂದೊಂದನ್ನೂ ಪ್ಯಾಕಿಂಗ್ ಚೀಟಿಗೆ ತಾಳೆ ನೋಡಿ. 24 ಕಿಟ್ ಬರಬೇಕಿದ್ದು 23 ಬಂದಿದ್ದರೆ 23 ಎಂದೇ ಬರೆಯಿರಿ. ಒಂದು ನಾಳೆ ಬರುತ್ತದೆ ಎಂದು ಯಾರೇ ಫೋನಿನಲ್ಲಿ ಹೇಳಲಿ, 24 ಎಂದು ಸಹಿ ಹಾಕಬೇಡಿ. ಎಲ್ಲ ಸರಿಯಿದ್ದರೆ, ಯಾವ ಕಿಟ್ ಯಾವ ರೋಗಿಗೆ ಎಂದು ಆರಿಸುವ ಆನ್‌ಲೈನ್ ವ್ಯವಸ್ಥೆಯಲ್ಲಿ ‘ಸ್ವೀಕರಿಸಲಾಗಿದೆ’ ಎಂದು ಒತ್ತಿದ ಮೇಲೆಯೇ ಆ ಕಿಟ್‌ಗಳು ರೋಗಿಗೆ ಹಂಚಿಕೆಯಾಗುತ್ತವೆ.

ಇನ್ನೊಂದು ಮಾತು. ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಹೊರಡುವ ಪಾರ್ಸೆಲ್ ಸೋಮವಾರದಿಂದ ಗುರುವಾರದೊಳಗೆ ನಿಮ್ಮ ಕೈ ಸೇರುವಂತೆ ಕೇಳಿಕೊಳ್ಳಿ. ಶನಿವಾರ ಸಂಜೆ ಗೇಟಿನ ಸೆಕ್ಯುರಿಟಿಯವರು ಸಹಿ ಮಾಡಿ ಪಡೆದ ಪೆಟ್ಟಿಗೆ ಸೋಮವಾರ ಬೆಳಗಿನವರೆಗೆ ಅವರ ಕುರ್ಚಿಯ ಕೆಳಗೇ ಇರುತ್ತದೆ.

ಪ್ರಶ್ನೆ: ಬೇಸಿಗೆಯ ಒಂದು ರಾತ್ರಿ ಕರೆಂಟು ಹೋಗಿತ್ತು. ಬೆಳಿಗ್ಗೆ ಬಂದು ನೋಡಿದರೆ ಫ್ರಿಜ್ 5 ಡಿಗ್ರಿಯಲ್ಲೇ ಇದೆ, ಆದರೆ ಥರ್ಮಾಮೀಟರಿನ ಗರಿಷ್ಠ 9.4 ತೋರಿಸುತ್ತಿದೆ. ವಯಲ್‌ಗಳು (ಔಷಧದ ಸಣ್ಣ ಶೀಶೆಗಳು) ನೋಡಲು ತಿಳಿಯಾಗಿಯೇ ಇವೆ. ಅಂದು 11 ಗಂಟೆಗೆ ರೋಗಿಯ ಸರದಿ ಇತ್ತು. ಇಂಥ ಹೊತ್ತಿನಲ್ಲಿ ಏನು ಮಾಡಬೇಕು?
— ಆಸ್ಪತ್ರೆ ಫಾರ್ಮಸಿಸ್ಟ್, ಬೀದರ್ ಜಿಲ್ಲೆ

ಉತ್ತರ: ಕೊಡಬಾರದು, ಎಸೆಯಲೂಬಾರದು. ಎರಡೂ ತಪ್ಪೇ. ಆ ಔಷಧ 9.4 ಡಿಗ್ರಿಯನ್ನು ಎಷ್ಟು ಹೊತ್ತು ತಡೆಯುತ್ತದೆ ಎಂಬ ಲೆಕ್ಕ ತಯಾರಕರ ಬಳಿ ಇರುತ್ತದೆ, ನಿಮ್ಮ ಬಳಿ ಇರುವುದಿಲ್ಲ. ಕಣ್ಣಿಗೆ ತಿಳಿಯಾಗಿ ಕಂಡರೆ ಔಷಧ ಸರಿಯಿದೆ ಎಂದೇನೂ ಅಲ್ಲ. ಪ್ರೋಟೀನ್ ಔಷಧಗಳು ನೀರಿನಂತೆ ಕಾಣುತ್ತಲೇ ಬಲ ಕಳೆದುಕೊಂಡಿರಬಹುದು.

ಮೊದಲ ಹತ್ತು ನಿಮಿಷದಲ್ಲಿ ಮಾಡಬೇಕಾದದ್ದು: 2ರಿಂದ 8 ಡಿಗ್ರಿಯಲ್ಲಿರುವ, ನಂಬಿಕೆಯ ಇನ್ನೊಂದು ಫ್ರಿಜ್‌ಗೆ ಕಿಟ್‌ಗಳನ್ನು ಬದಲಿಸಿ, ಅಥವಾ ಇದೇ ಫ್ರಿಜ್ ಸ್ಥಿರವಾಗಿದ್ದರೆ ಅಲ್ಲಿಯೇ ಬೇರೆ ಅರೆಯಲ್ಲಿ ‘ಕ್ವಾರಂಟೈನ್’ ಚೀಟಿ ಹಚ್ಚಿಡಿ. ಬೇಗ ತಣ್ಣಗಾಗಲಿ ಎಂದು ಫ್ರೀಜರಿಗೆ ಮಾತ್ರ ಹಾಕಬೇಡಿ. ತುಸು ಬಿಸಿಯಾದ ಔಷಧವನ್ನು ತಯಾರಕರು ಎಷ್ಟೋ ಸಲ ‘ಬಳಸಬಹುದು’ ಎನ್ನುತ್ತಾರೆ. ಹೆಪ್ಪುಗಟ್ಟಿದ್ದಕ್ಕೆ ಹಾಗೆ ಹೇಳುವುದು ಅಪರೂಪ. ಅಲ್ಯೂಮಿನಿಯಂ ಸೇರಿದ ಲಸಿಕೆಗಳಂತೂ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು. ಆಮೇಲೆ ಆನ್‌ಲೈನ್ ವ್ಯವಸ್ಥೆಯಲ್ಲೂ ಆ ಕಿಟ್‌ಗಳನ್ನು ತಡೆಹಿಡಿಯಿರಿ. ಇಲ್ಲದಿದ್ದರೆ ನೀವು ಫೋನಿನಲ್ಲಿ ಮಾತಾಡುತ್ತಿರುವಾಗಲೇ ಕಂಪ್ಯೂಟರ್ ಅವುಗಳಲ್ಲೇ ಒಂದನ್ನು 11 ಗಂಟೆಯ ರೋಗಿಗೆ ಆರಿಸಿಬಿಡುತ್ತದೆ.

ಸ್ಪಾನ್ಸರಿಗೆ, ಅಂದರೆ ಟ್ರಯಲ್ ನಡೆಸುವ ಕಂಪನಿಗೆ, ಹೋಗುವ ವರದಿಯಲ್ಲಿ ‘ಕರೆಂಟು ಹೋಗಿತ್ತು, ಸ್ವಲ್ಪ ಬಿಸಿಯಾಯಿತು’ ಎಂದು ಬರೆದರೆ ಉತ್ತರವೇ ಬರುವುದಿಲ್ಲ, ಮರುಪ್ರಶ್ನೆ ಬರುತ್ತದೆ. ಲಾಗರಿನ ನಕ್ಷೆ ನೋಡಿ ಹೀಗೆ ಬರೆಯಿರಿ: 2.10ಕ್ಕೆ ಕರೆಂಟು ಹೋಯಿತು, 3.00ಕ್ಕೆ 8 ಡಿಗ್ರಿ ದಾಟಿತು, 4.35ಕ್ಕೆ ಗರಿಷ್ಠ 9.4, 5.20ಕ್ಕೆ ಮತ್ತೆ 8ರೊಳಗೆ ಬಂತು, ಒಟ್ಟು ಹೊರಗಿದ್ದದ್ದು 2 ಗಂಟೆ 20 ನಿಮಿಷ. ಜೊತೆಗೆ ಬ್ಯಾಚ್, ಕಿಟ್ ನಂಬರುಗಳು, ಮತ್ತು ಇದೇ ಕಿಟ್‌ಗಳು ಹಿಂದೆ ಯಾವಾಗಲಾದರೂ, ದಾರಿಯಲ್ಲಿ ಕೂಡ, ಗೆರೆ ದಾಟಿದ್ದವೇ ಎಂಬುದು. ತಾಪದ ಏಟು ಕೂಡುತ್ತ ಹೋಗುವಂಥದ್ದು. ಈ ಸಲದ 2 ಗಂಟೆ ಪರವಾಗಿಲ್ಲ ಎನಿಸಿದರೂ ಹಳೆಯ 3 ಗಂಟೆಗೆ ಸೇರಿ ಮಿತಿ ಮೀರಬಹುದು.

ಬರವಣಿಗೆಯಲ್ಲಿ ‘ಬಳಸಬಹುದು’ ಎಂದು ಬರುವವರೆಗೆ ಕಾಯಿರಿ, ಬಂದ ಪತ್ರವನ್ನು ಕಡತಕ್ಕೆ ಸೇರಿಸಿ. ರೋಗಿಯ ವಿಷಯಕ್ಕೆ ಬಂದರೆ, ಪ್ರೋಟೊಕಾಲ್‌ನಲ್ಲಿ ಭೇಟಿಗೆ ಹಿಂದೆ ಮುಂದೆ ಇಷ್ಟು ದಿನ ಎಂದು ಸಡಿಲು ಇರುತ್ತದೆ. ಸಂಶೋಧಕರಿಗೆ ತಕ್ಷಣ ತಿಳಿಸಿದರೆ ಚಿಂಚೋಳಿಯಿಂದಲೋ ಔರಾದದಿಂದಲೋ ಬಸ್ಸು ಹತ್ತುವ ಮೊದಲೇ ಅವರನ್ನು ತಡೆಯಬಹುದು. ಬಂದು ಕೂತವರನ್ನು ಸಂಜೆಯವರೆಗೆ ಉಪವಾಸ ಕೂರಿಸುವುದಕ್ಕಿಂತ ಅದು ಮೇಲು.

ಇದು ಮತ್ತೆ ಆಗದಿರಲು ನೋಡಬೇಕಾದ ಜಾಗಗಳು ಬೇರೆ. ಥರ್ಮಾಮೀಟರಿನ ತುದಿ ಎಲ್ಲಿದೆ? ಬಾಗಿಲ ಅರೆಯಲ್ಲಿದ್ದರೆ ಪ್ರತಿ ಸಲ ತೆರೆದಾಗಲೂ ಕೂಗುತ್ತದೆ. ತಣ್ಣನೆ ಗಾಳಿ ಬೀಳುವ ಕಿಂಡಿಯ ಎದುರಿದ್ದರೆ ಹಿಂದೆ ಇರುವ ವಯಲ್ 9 ಡಿಗ್ರಿಯಲ್ಲಿದ್ದರೂ ಇದು 3 ಎನ್ನುತ್ತದೆ. ನಡುವಿನ ಅರೆಯಲ್ಲಿ, ಔಷಧದ ಪಕ್ಕದಲ್ಲೇ, ತುದಿಯನ್ನು ಗ್ಲೈಕಾಲ್ ತುಂಬಿದ ಸಣ್ಣ ಶೀಶೆಯಲ್ಲಿ ಅದ್ದಿಡಿ. ಆಗ ಅದು ತೋರಿಸುವುದು ಗಾಳಿಯ ತಾಪವನ್ನಲ್ಲ, ದ್ರವದ ತಾಪವನ್ನು. ನಿಮಗೆ ಬೇಕಾದದ್ದೂ ಅದೇ. ಖಾಲಿ ಜಾಗದಲ್ಲಿ ನೀರು ತುಂಬಿದ ಬಾಟಲಿಗಳನ್ನಿಟ್ಟರೆ ಕರೆಂಟು ಹೋದಾಗ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ಮನೆಯ ಒಂಟಿ ಬಾಗಿಲ ಫ್ರಿಜ್ ಟ್ರಯಲ್‌ಗೆ ಬೇಡವೇ ಬೇಡ. ಅದರ ಹಿಂಗೋಡೆಗೆ ತಾಗಿದ ಪೆಟ್ಟಿಗೆ ರಾತ್ರಿ ಹೆಪ್ಪುಗಟ್ಟುತ್ತದೆ. ಇನ್ವರ್ಟರ್ ಇದೆ ಎಂದು ನೆಮ್ಮದಿಯಾಗಿರಬೇಡಿ. ಕಂಪ್ರೆಸರ್ ಎದ್ದೇಳುವ ಕ್ಷಣದಲ್ಲಿ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು, ಸಣ್ಣ ಇನ್ವರ್ಟರ್ ಅಲ್ಲೇ ಕೈಚೆಲ್ಲುತ್ತದೆ. ಜನರೇಟರ್ ತಾನಾಗಿಯೇ ಶುರುವಾಗುವುದೋ, ಯಾರಾದರೂ ಎದ್ದು ಹೋಗಿ ಹಚ್ಚಬೇಕೋ ಎಂಬುದನ್ನು ಒಂದು ರಾತ್ರಿ ಮೇನ್ ಆಫ್ ಮಾಡಿಸಿಯೇ ತಿಳಿದುಕೊಳ್ಳಿ.

‘ಕೋಣೆಯ ಉಷ್ಣಾಂಶದಲ್ಲಿಡಿ’ ಎಂಬ ಗುಳಿಗೆಗಳಿಗೂ ಇದೇ ಕಾಳಜಿ ಬೇಕು. ಲೇಬಲ್ಲಿನ ಮೇಲೆ 25 ಡಿಗ್ರಿ ಮೀರಬಾರದು ಎಂದಿದ್ದರೆ ಕಲಬುರಗಿಯ ಮೇ ತಿಂಗಳ ಕೋಣೆ ಅದಲ್ಲ. ಹೊರಗೆ 42–43 ಇರುವಾಗ ಎಸಿ ನಿಲ್ಲಿಸಿ ಮನೆಗೆ ಹೋದರೆ ರಾತ್ರಿಯೂ ಗೋಡೆಗಳು ಬಿಸಿ ಉಗುಳುತ್ತವೆ. ಎಸಿ 24 ಗಂಟೆ ಓಡಬೇಕು, ರಜೆಯ ದಿನವೂ ಲಾಗರ್ ಓದಬೇಕು. ತಿಂಗಳಿಡೀ ಬೆಳಿಗ್ಗೆ 4.0, ಸಂಜೆ 4.0 ಎಂದೇ ಬರೆದ ಪುಸ್ತಕವನ್ನು ಯಾವ ಮಾನಿಟರೂ ನಂಬುವುದಿಲ್ಲ. ನಂಬಲೂಬಾರದು.

ಪ್ರಶ್ನೆ: ನಮ್ಮ ಅವ್ವಗ ಕಲಬುರಗಿ ದವಾಖಾನಿಯೊಳಗ ಹೊಸ ಗುಳಿಗಿ ಶುರು ಮಾಡ್ಯಾರ್ರಿ. ತಿಂಗಳಿಗೊಮ್ಮೆ ಹೋದಾಗ ಉಳಿದ ಗುಳಿಗಿ ಅಷ್ಟ ಅಲ್ಲ, ಖಾಲಿ ಪಾಕೀಟ್ ಸೈತ ತರ್ರಿ ಅಂತಾರ. ಯಾಕ್ರಿ? ಹಾಳಿಯೊಳಗ ‘ದ್ರಾಕ್ಷಿ ತಿನ್ನಬಾರದು’ ಅಂತ ಬರದಾರ, ನಮ್ಮ ಹೊಲದಾಗ ದ್ರಾಕ್ಷಿನ ಬೆಳೀತೀವಿ. ಊರಾಗಿನ ಮಂದಿ ‘ಅದು ಬರೇ ಸಕ್ಕರಿ ಗುಳಿಗಿ’ ಅಂತಾರ. ಖರೇನ್ರಿ?
— ಓದುಗರು, ಯಾದಗಿರಿ ಜಿಲ್ಲೆ

ಉತ್ತರ: ಖಾಲಿ ಪಾಕೀಟಿನಿಂದ ಶುರು ಮಾಡೋಣ. ಫಾರ್ಮಸಿಸ್ಟ್ ಕೊಟ್ಟ ಒಂದೊಂದು ಗುಳಿಗೆಗೂ ಲೆಕ್ಕ ಕೊಡಬೇಕು: ಕೊಟ್ಟದ್ದು ಇಷ್ಟು, ನುಂಗಿದ್ದು ಇಷ್ಟು, ವಾಪಸು ಬಂದದ್ದು ಇಷ್ಟು. ಖಾಲಿ ಪಾಕೀಟಿನ ಮೇಲೆ ಕಿಟ್ ನಂಬರ್ ಇರುತ್ತದೆ. ಅದು ನಿಮ್ಮ ತಾಯಿಯವರಿಗೆ ಕೊಟ್ಟದ್ದೇ ಹೌದು ಎಂಬುದಕ್ಕೆ ಅದೇ ಸಾಕ್ಷಿ. ಒಲೆಗೆ ಹಾಕಬೇಡಿ, ಮಕ್ಕಳ ಕೈಗೆ ಕೊಡಬೇಡಿ, ಒಂದು ಚೀಲದಲ್ಲಿ ಕಟ್ಟಿಡಿ. ಒಂದು ಹೊತ್ತು ಮರೆತಿದ್ದರೆ ಮರೆತೆ ಎಂದೇ ಹೇಳಲಿ, ಯಾರೂ ಬೈಯುವುದಿಲ್ಲ. ‘ಬೈದಾರು’ ಎಂದು ಉಳಿದ ಗುಳಿಗೆಗಳನ್ನು ಬಸ್‌ಸ್ಟ್ಯಾಂಡಿನಲ್ಲಿ ಚೆಲ್ಲಿ ಬರುವವರಿದ್ದಾರೆ. ಆಗ ಡಾಕ್ಟರು ‘ಪೂರ್ತಿ ನುಂಗಿದರೂ ಗುಣ ಇಲ್ಲ’ ಎಂದುಕೊಳ್ಳುತ್ತಾರೆ. ಔಷಧದ ಬಗ್ಗೆಯೇ ತಪ್ಪು ತೀರ್ಮಾನವಾಗುತ್ತದೆ.

ದ್ರಾಕ್ಷಿಯ ಮಾತು ಮುಖ್ಯ. ಮೂಲ ಹಾಳೆಯಲ್ಲಿ ಗ್ರೇಪ್‌ಫ್ರೂಟ್ ಎಂದಿದ್ದದ್ದನ್ನು ಯಾರೋ ‘ದ್ರಾಕ್ಷಿ’ ಎಂದು ಕನ್ನಡಕ್ಕೆ ತಂದಿರುವ ಸಾಧ್ಯತೆ ಬಹಳ. ಗ್ರೇಪ್‌ಫ್ರೂಟ್ ಎಂದರೆ ನಿಂಬೆ–ಕಿತ್ತಳೆ ಜಾತಿಯ ದೊಡ್ಡ ಹಣ್ಣು, ನಮ್ಮ ಚಕ್ಕೋತದ ಸಂಬಂಧಿ. ಅದರಲ್ಲಿರುವ ಅಂಶ ಕರುಳಿನಲ್ಲಿ ಕೆಲವು ಔಷಧಗಳನ್ನು ಕರಗಿಸಿ ಕಳೆಯುವ ಕಿಣ್ವವನ್ನು ತಡೆಯುತ್ತದೆ. ಆಗ ಒಂದು ಗುಳಿಗೆ ನುಂಗಿದರೂ ಹೆಚ್ಚು ನುಂಗಿದಷ್ಟು ಔಷಧ ರಕ್ತಕ್ಕೆ ಸೇರಬಹುದು. ಚಕ್ಕೋತಕ್ಕೂ ಇದೇ ಗುಣವಿದೆ. ಹೊಲದ ದ್ರಾಕ್ಷಿಗೆ ಆ ಗುಣವಿಲ್ಲ. ಆದರೆ ನಮ್ಮ ಮಾತು ಕೇಳಿ ಇವತ್ತೇ ತಿನ್ನಿಸಬೇಡಿ. ಮುಂದಿನ ಭೇಟಿಗೆ ಹಾಳೆ ಒಯ್ದು ‘ಇದು ದ್ರಾಕ್ಷಿಯೋ ಚಕ್ಕೋತವೋ’ ಎಂದು ಫಾರ್ಮಸಿಸ್ಟರನ್ನೇ ಕೇಳಿ. ಹಾಳೆ ತಪ್ಪಿದ್ದರೆ ತಿದ್ದುಪಡಿ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು ಬರಬೇಕು, ಪೆನ್ನಿನಿಂದ ಗೀಚಿ ಸರಿಮಾಡುವಂಥದ್ದಲ್ಲ.

ಸಕ್ಕರೆ ಗುಳಿಗೆಯ ಮಾತಿಗೆ ಬಂದರೆ, ಕೆಲವು ಟ್ರಯಲ್‌ಗಳಲ್ಲಿ ಒಂದು ಗುಂಪಿಗೆ ಔಷಧವಿಲ್ಲದ ಗುಳಿಗೆ, ಅಂದರೆ ಪ್ಲಸೀಬೊ ಕೊಡುವುದುಂಟು. ಹಾಗಿದ್ದರೆ ತಾಯಿಯವರು ಸಹಿ ಅಥವಾ ಹೆಬ್ಬೆಟ್ಟು ಹಾಕಿದ ಕಾಗದದಲ್ಲಿ ಅದು ಬರೆದಿರಲೇಬೇಕು, ಅದರ ಪ್ರತಿ ನಿಮ್ಮ ಬಳಿ ಇರಲೇಬೇಕು. ಇಲ್ಲದಿದ್ದರೆ ಕೇಳಿ ಪಡೆಯಿರಿ. ಅದರಲ್ಲಿ ಡಾಕ್ಟರ ಫೋನ್ ನಂಬರೂ ಎಥಿಕ್ಸ್ ಕಮಿಟಿಯ ನಂಬರೂ ಇರುತ್ತವೆ. ಟ್ರಯಲ್ ಗುಳಿಗೆಗೆ ನೀವು ದುಡ್ಡು ಕೊಡಬೇಕಾಗಿಲ್ಲ. ನಡುವೆ ಜ್ವರ ಬಂದು ಊರಿನಲ್ಲೇ ಸೂಜಿ ಮಾಡಿಸಿದರೆ ಆ ಚೀಟಿಯನ್ನೂ ತಂದು ತೋರಿಸಿ. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಕಾಯದೆ ಫೋನ್ ಮಾಡಿ, ಏಕೆಂದರೆ ಡಾಕ್ಟರು ಅದನ್ನು 24 ಗಂಟೆಯೊಳಗೆ ಮೇಲಿನವರಿಗೆ ವರದಿ ಮಾಡಬೇಕೆಂದು 2019ರ ಕ್ಲಿನಿಕಲ್ ಟ್ರಯಲ್ ನಿಯಮವೇ ಹೇಳುತ್ತದೆ.

ಪ್ರಶ್ನೆ: ನುಂಗಬೇಕಾದ ಗುಳಿಗೆಯಲ್ಲಿ ರೋಗಿ ಎಷ್ಟು ನುಂಗಿದರು ಎಂಬ ಶೇಕಡಾವಾರು ನನ್ನದೊಂದು, ಮಾನಿಟರದೊಂದು ಬರುತ್ತದೆ. ತಪ್ಪು ಎಲ್ಲಿ?
— ಸ್ಟಡಿ ಕೋಆರ್ಡಿನೇಟರ್, ಕಲಬುರಗಿ

ಉತ್ತರ: ಎಣಿಕೆಯಲ್ಲಿ ಅಲ್ಲ, ‘ನುಂಗಬೇಕಾಗಿದ್ದದ್ದು ಎಷ್ಟು’ ಎಂಬ ಸಂಖ್ಯೆಯಲ್ಲಿ. 70 ಗುಳಿಗೆಯ ಡಬ್ಬಿ ಕೊಟ್ಟಿರಿ, ದಿನಕ್ಕೆ 2, ವಾಪಸು ಬಂದದ್ದು 20 ಎಂದುಕೊಳ್ಳಿ. ನುಂಗಿದ್ದು 50. ರೋಗಿ 28 ದಿನಕ್ಕೆ ಸರಿಯಾಗಿ ಬಂದಿದ್ದರೆ ನುಂಗಬೇಕಿದ್ದದ್ದು 56, ಅಂದರೆ ಶೇ. 89.3. ಜಾತ್ರೆಗೋ ಸುಗ್ಗಿಗೋ ನಿಂತು 31ನೇ ದಿನ ಬಂದಿದ್ದರೆ ನುಂಗಬೇಕಿದ್ದದ್ದು 62, ಶೇ. 80.6. ರಕ್ತದ ವರದಿ ನೋಡಿ ಡಾಕ್ಟರು 28 ದಿನದಲ್ಲಿ 4 ದಿನ ನಿಲ್ಲಿಸಿದ್ದರೆ ನುಂಗಬೇಕಿದ್ದದ್ದು 48, ಶೇ. 104.2. ಕೊನೆಯದೇ ಗಂಭೀರ: ನಿಲ್ಲಿಸಿ ಎಂದ ದಿನಗಳಲ್ಲೂ ರೋಗಿ ಗುಳಿಗೆ ನುಂಗಿರಬಹುದು. ಡಬ್ಬಿ ಮೂರರಲ್ಲೂ ಒಂದೇ, ಅರ್ಥ ಮೂರು. ಆದ್ದರಿಂದ ಮೊದಲ ಗುಳಿಗೆ ಆಸ್ಪತ್ರೆಯಲ್ಲಿ ಈ ಡಬ್ಬಿಯಿಂದಲೇ ಕೊಟ್ಟದ್ದೇ, ಭೇಟಿಯ ದಿನ ಬೆಳಗಿನದು ನುಂಗಿ ಬಂದರೇ, ನಡುವೆ ನಿಲ್ಲಿಸಿದ ದಿನಗಳು ಯಾವುವು ಎಂಬ ಮೂರನ್ನು ಬರೆದುಕೊಂಡೇ ಭಾಗಿಸಿ.

ಎಣಿಸುವುದು ಟ್ರೇ ಮೇಲೆ, ಐದೈದಾಗಿ, ರೋಗಿಯ ಎದುರಿನಲ್ಲೇ. ಇನ್ನೊಬ್ಬರು ಮತ್ತೆ ಎಣಿಸಲಿ. ಮೊದಲಿನವರ ಸಂಖ್ಯೆಯನ್ನು ಅವರಿಗೆ ಮೊದಲೇ ಹೇಳಬೇಡಿ, ಹೇಳಿದರೆ ಅದೇ ಬರುತ್ತದೆ. ತಪ್ಪು ಬರೆದಿದ್ದರೆ ಒಂದೇ ಗೆರೆ ಎಳೆದು, ಹಳೆಯ ಅಂಕಿ ಓದುವಂತಿರಲು ಬಿಟ್ಟು, ಪಕ್ಕದಲ್ಲಿ ಸರಿಯಾದದ್ದು, ಇನಿಶಿಯಲ್, ತಾರೀಖು. ವೈಟ್ನರ್ ಬಾಟಲಿ ಟ್ರಯಲ್ ಕೋಣೆಯ ಡ್ರಾಯರಿನಲ್ಲಿ ಇರಲೇಬಾರದು. ಎಣಿಕೆಯಲ್ಲಿ 3 ಗುಳಿಗೆ ಕಡಿಮೆ ಬಂದರೆ ‘3 ಕಡಿಮೆ, ರೋಗಿ ಹೇಳಿದ ಕಾರಣ ಇದು’ ಎಂದು ಬರೆಯಿರಿ. ಲೆಕ್ಕ ಹೊಂದಿಸಬೇಡಿ.

ಪ್ರಶ್ನೆ: ನಮ್ಮದು ಡಬಲ್ ಬ್ಲೈಂಡ್ ಟ್ರಯಲ್, ಸ್ತನ ಕ್ಯಾನ್ಸರಿನದು. ಟ್ರಾಸ್ಟುಜುಮ್ಯಾಬ್ ಎಂಬ ಹಳೆಯ ಔಷಧ ಮತ್ತು ಅದರದೇ ಬಯೋಸಿಮಿಲರ್ (ಇನ್ನೊಬ್ಬ ತಯಾರಕರ, ಅದಕ್ಕೆ ಬಹಳ ಹೋಲುವ ಔಷಧ) ಹೋಲಿಕೆ. ಡಾಕ್ಟರು, ಸಿಸ್ಟರು, ರೋಗಿ ಯಾರಿಗೂ ತಿಳಿಯಬಾರದು, ಆದರೆ ಡ್ರಿಪ್ ಬೆರೆಸುವ ನನಗೆ ತಿಳಿದೇ ಇರುತ್ತದೆ. ಗುಟ್ಟು ಕಾಯುವುದು ಹೇಗೆ? ಬೆರೆಸುವಾಗಿನ ಲೆಕ್ಕವನ್ನೂ ತಿಳಿಸಿ.
— ಆಂಕಾಲಜಿ ಫಾರ್ಮಸಿಸ್ಟ್, ಕಲಬುರಗಿ

ಉತ್ತರ: ಲೆಕ್ಕ ಮೊದಲು. ಅಂದಿನ ತೂಕ 58 ಕಿಲೊ, ಮೊದಲ ಡೋಸು ಕಿಲೊಗೆ 8 ಮಿ.ಗ್ರಾಂ. 58 × 8 = 464 ಮಿ.ಗ್ರಾಂ. 150 ಮಿ.ಗ್ರಾಂ ವಯಲ್‌ಗೆ 7.2 ಮಿ.ಲೀ. ಸ್ಟೆರೈಲ್ ವಾಟರ್ ಹಾಕಿದರೆ ಪ್ರತಿ ಮಿ.ಲೀ.ಗೆ 21 ಮಿ.ಗ್ರಾಂ ಬರುತ್ತದೆ. 464 ÷ 21 = 22.1 ಮಿ.ಲೀ. ಒಂದು ವಯಲ್‌ನಿಂದ ಸಿಗುವುದು ಸುಮಾರು 7.1 ಮಿ.ಲೀ., ಹಾಗಾಗಿ ನಾಲ್ಕನೇ ವಯಲ್ ತೆರೆಯಲೇಬೇಕು. ಇಲ್ಲಿ ಅನುಭವಸ್ಥರ ಕೈ ತಡೆಯುತ್ತದೆ. ಮಾಮೂಲಿ ವಾರ್ಡಿನಲ್ಲಿ 464 ಅನ್ನು 450ಕ್ಕೆ ಇಳಿಸಿ ಮೂರೇ ವಯಲ್‌ನಲ್ಲಿ ಮುಗಿಸುವ ರೂಢಿ ಹಲವು ಕಡೆ ಇದೆ. ಕಡಿಮೆಯಾಗುವುದು ಶೇ. 3 ಮಾತ್ರ, ಉಳಿಯುವುದು ಒಂದು ವಯಲ್. ಟ್ರಯಲ್‌ನಲ್ಲಿ ಪ್ರೋಟೊಕಾಲ್ ಒಪ್ಪಿದರೆ ಮಾತ್ರ ಹಾಗೆ. ಒಪ್ಪದಿದ್ದರೆ ನಾಲ್ಕನೆಯದನ್ನು ತೆರೆದು, ಉಳಿದ ಸುಮಾರು 6 ಮಿ.ಲೀ.ಯನ್ನು ವ್ಯರ್ಥ ಎಂದು ಲಾಗ್‌ನಲ್ಲಿ ಬರೆಯಬೇಕು. ಹೊಟ್ಟೆ ಉರಿಯುತ್ತದೆ, ಆದರೂ ಬರೆಯಬೇಕು.

ನೀರನ್ನು ಪುಡಿಯ ಮೇಲೆ ನಿಧಾನವಾಗಿ ಬಿಡಿ. ವಯಲನ್ನು ಅಂಗೈಯಲ್ಲಿ ಮೆಲ್ಲಗೆ ತಿರುಗಿಸಿ, ಕುಲುಕಬೇಡಿ. ಕುಲುಕಿದರೆ ನೊರೆ ಏಳುತ್ತದೆ, ನೊರೆಯಲ್ಲಿ ಸಿಕ್ಕ ಔಷಧ ಸಿರಿಂಜಿಗೆ ಬರುವುದಿಲ್ಲ. ಸುಮಾರು 5 ನಿಮಿಷ ಬಿಟ್ಟು ತೆಗೆಯಿರಿ. ಸೇರಿಸುವುದು 250 ಮಿ.ಲೀ. ನಾರ್ಮಲ್ ಸಲೈನ್ ಚೀಲಕ್ಕೆ ಮಾತ್ರ. ಡೆಕ್ಸ್ಟ್ರೋಸ್ ಆಗದು, ಪ್ರೋಟೀನ್ ಗುಂಪುಗಟ್ಟುತ್ತದೆ. 440 ಮಿ.ಗ್ರಾಂ ವಯಲ್ ಬಂದರೆ ಲೆಕ್ಕ ಬೇರೆ: ಅದಕ್ಕೆ ಜೊತೆಯಲ್ಲೇ ಬರುವ ಬ್ಯಾಕ್ಟೀರಿಯೊಸ್ಟಾಟಿಕ್ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ) ನೀರು 20 ಮಿ.ಲೀ. ತೂಕ ಹಿಂದಿನ ಭೇಟಿಯದೋ ಇಂದಿನದೋ ಎಂದು ಕೇಸ್‌ಶೀಟ್ ನೋಡಿಯೇ ಶುರು ಮಾಡಿ. ಹಳೆಯ ತೂಕ ಹಿಡಿದು ಬೆರೆಸುವುದು ಇಲ್ಲಿ ಮಾಮೂಲು ತಪ್ಪು.

ಗುಟ್ಟು ಹೊರಬೀಳುವುದು ದೊಡ್ಡ ದಾರಿಯಲ್ಲಲ್ಲ. ಎರಡು ತಯಾರಕರ ವಯಲ್ ಮುಚ್ಚಳದ ಬಣ್ಣ ಬೇರೆ ಇರುತ್ತದೆ, ಖಾಲಿ ವಯಲ್ ಕಸದ ಡಬ್ಬಿಯಲ್ಲಿ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಖಾಲಿ ವಯಲ್‌ಗಳನ್ನು ಬೀಗದ ಪೆಟ್ಟಿಗೆಗೇ ಹಾಕಿ. ಚೀಲಕ್ಕೆ ಒಳಗಿನದು ಕಾಣದ ಕವಚ ಹಾಕಿ, ಎರಡೂ ಗುಂಪಿಗೆ ಒಂದೇ ಬಗೆಯ ಲೇಬಲ್, ಒಂದೇ ಪ್ರಮಾಣ. ಲೇಬಲ್ಲಿನಲ್ಲಿ ‘ಟ್ರಾಸ್ಟುಜುಮ್ಯಾಬ್ ಅಥವಾ ಅಧ್ಯಯನದ ಔಷಧ’ ಎಂದಿರಲಿ, ಬ್ಯಾಚ್ ಬೇಡ. ನಿಮ್ಮ ಕಡತ ಬೇರೆ ಕಪಾಟಿನಲ್ಲಿ, ನಿಮ್ಮ ಇಮೇಲ್ ಬೇರೆ ಪಟ್ಟಿಯಲ್ಲಿ ಇರಲಿ, ಆ ಕಡತ ನೋಡುವ ಮಾನಿಟರೂ ಬೇರೆಯವರು. ಸ್ಪಾನ್ಸರಿಂದ ಬಂದ ಮೇಲ್‌ಗೆ ‘ರಿಪ್ಲೈ ಆಲ್’ ಒತ್ತಿ ಗುಟ್ಟು ಬಿಟ್ಟುಕೊಟ್ಟವರು ಕಡಿಮೆಯೇನಿಲ್ಲ. ಸಿಸ್ಟರ್ ‘ಸರ್, ಇವತ್ತು ಯಾವುದು?’ ಎಂದು ಸಲಿಗೆಯಿಂದ ಕೇಳಿದರೆ ನಕ್ಕು ಸುಮ್ಮನಾಗಿ. ‘ಅದೇ ಹಳೆಯದು’ ಎಂಬ ತಮಾಷೆಯೂ ಬೇಡ.

ರಾತ್ರಿ 2 ಗಂಟೆಗೆ ಕ್ಯಾಶುಯಲ್ಟಿಯಿಂದ ‘ಯಾವ ಔಷಧ ಹೇಳಿ’ ಎಂದು ಫೋನ್ ಬಂದರೆ ನೀವು ಬಾಯಿ ಬಿಡಬೇಡಿ, ಮುಖ್ಯ ಸಂಶೋಧಕರಿಗೆ ಜೋಡಿಸಿ. ಅವರು ಕೇಳಿಕೊಳ್ಳುವ ಪ್ರಶ್ನೆ ಒಂದೇ: ತಿಳಿದರೆ ಚಿಕಿತ್ಸೆ ಬದಲಾಗುತ್ತದೆಯೇ? ಹೌದಾದರೆ ಅವರೇ ಆನ್‌ಲೈನ್ ವ್ಯವಸ್ಥೆಯಲ್ಲಿ ಗುಟ್ಟು ತೆರೆಯುತ್ತಾರೆ, ಕಾರಣವನ್ನೂ ಹೊತ್ತನ್ನೂ ಬರೆಯುತ್ತಾರೆ.

ಪ್ರಶ್ನೆ: ದಿನಕ್ಕೆ ಎರಡು ಸಲ ಗುಳಿಗೆ ನುಂಗುವ ರೋಗಿ ರಂಜಾನ್ ಉಪವಾಸ ಹಿಡಿಯುತ್ತೇನೆ ಎನ್ನುತ್ತಾರೆ. ಸೆಹರಿಗೆ ಒಂದು, ಇಫ್ತಾರಿಗೆ ಒಂದು ಎಂದು ಹೇಳಿಬಿಡಲೇ?
— ಫಾರ್ಮಸಿಸ್ಟ್, ಬೀದರ್

ಉತ್ತರ: ನೀವಾಗಿ ಹೇಳಬೇಡಿ, ಸಂಶೋಧಕರಿಂದ ಬರವಣಿಗೆಯಲ್ಲಿ ಪಡೆಯಿರಿ. ಉಪವಾಸದ ಹೊತ್ತು ಸುಮಾರು 13 ಗಂಟೆಯಾದರೆ ರಾತ್ರಿಯ ಅಂತರ 11 ಗಂಟೆ. 12 ಗಂಟೆಗೊಮ್ಮೆ ಎಂಬ ಎಷ್ಟೋ ಔಷಧಗಳಿಗೆ ಇಷ್ಟು ವ್ಯತ್ಯಾಸ ನಡೆಯುತ್ತದೆ, ಕೆಲವಕ್ಕೆ ನಡೆಯದು. ‘ಊಟದ ನಂತರ’ ಎಂದಿದ್ದರೆ ಖರ್ಜೂರ–ಹಣ್ಣಿನ ಜೊತೆಯಲ್ಲ, ಮಗ್ರಿಬ್ ನಮಾಜಿನ ನಂತರದ ಊಟದ ಮೇಲೆ ಎಂದು ಬಿಡಿಸಿ ಹೇಳಿ. ಸಕ್ಕರೆ ಕಾಯಿಲೆಯ ಔಷಧವಾದರೆ ಡೋಸನ್ನೇ ಬದಲಿಸಬೇಕಾಗಬಹುದು. ಆ ತಿಂಗಳು ಬರುವ ಮೊದಲಿನ ಭೇಟಿಯಲ್ಲೇ ಮಾತೆತ್ತಿ. ಶುರುವಾದ ಮೇಲೆ ಕೇಳಿದರೆ ರೋಗಿ ತಮಗೆ ತೋಚಿದ ಹೊತ್ತಿಗೆ ನುಂಗಿ ನಿಮಗೆ ‘ಹಾಂ, ಬರೋಬರ್ ತಗೊಂಡೀನಿ’ ಎನ್ನುತ್ತಾರೆ.

ಪ್ರಶ್ನೆ: ಟ್ರಯಲ್ ಮುಗಿದು 40 ಡಬ್ಬಿ ಉಳಿದಿವೆ, ಅವಧಿ ಇನ್ನೂ ಆರು ತಿಂಗಳಿದೆ. ಬಡ ರೋಗಿಗಳಿಗೆ ಕೊಡಬಹುದೇ? ಇಲ್ಲವಾದರೆ ಆಸ್ಪತ್ರೆಯ ಕಸದ ಗಾಡಿಗೆ ಹಾಕಬಹುದೇ?
— ಫಾರ್ಮಸಿಸ್ಟ್, ಯಾದಗಿರಿ

ಉತ್ತರ: ಕೊಡುವಂತಿಲ್ಲ. ಅನುಮತಿ ಸಿಕ್ಕಿರುವುದು ಆ ಟ್ರಯಲ್‌ಗೆ, ಆ ರೋಗಿಗಳಿಗೆ ಮಾತ್ರ. ಹಾಕುವಂತೆಯೂ ಇಲ್ಲ, ಈಗಲೇ. ಮೊದಲು ಮಾನಿಟರ್ ಬಂದು ಬಂದದ್ದು, ಕೊಟ್ಟದ್ದು, ವಾಪಸು ಪಡೆದದ್ದು, ಉಳಿದದ್ದು ನಾಲ್ಕನ್ನೂ ತಾಳೆ ನೋಡಿ ಸಹಿ ಹಾಕಬೇಕು. ನಂತರ ಸ್ಪಾನ್ಸರ್ ವಾಪಸು ತರಿಸಿಕೊಳ್ಳುತ್ತಾರೋ, ಇಲ್ಲೇ ನಾಶ ಮಾಡಿ ಎನ್ನುತ್ತಾರೋ ಬರವಣಿಗೆಯಲ್ಲಿ ತಿಳಿಸಬೇಕು. ಇಲ್ಲೇ ಎಂದರೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಹಳದಿ ಚೀಲ. ಜೀವಕೋಶಗಳನ್ನು ಕೊಲ್ಲುವಂಥ ಕ್ಯಾನ್ಸರ್ ಔಷಧವಾದರೆ ಸೈಟೊಟಾಕ್ಸಿಕ್ ಗುರುತು ಇರುವ ಬೇರೆ ಹಳದಿ ಚೀಲ, ಅದು 1200 ಡಿಗ್ರಿಗಿಂತ ಹೆಚ್ಚಿನ ಬೆಂಕಿಯಲ್ಲಿ ಸುಡಬೇಕಾದದ್ದು. ಚೀಲ ಕಟ್ಟುವ ಮೊದಲು ಕಿಟ್ ನಂಬರುಗಳ ಪಟ್ಟಿ ಮಾಡಿ ಇಬ್ಬರು ಸಹಿ ಹಾಕಿ. ತ್ಯಾಜ್ಯ ಒಯ್ಯುವವರಿಂದ ‘ಸುಡಲಾಗಿದೆ’ ಎಂಬ ಪ್ರಮಾಣಪತ್ರ ಬರುವವರೆಗೆ ಲಾಗ್‌ನ ಕೊನೆಯ ಸಾಲು ಖಾಲಿಯೇ ಇರಲಿ. ಗಾಡಿ ಗೇಟು ದಾಟಿದ ದಿನವನ್ನು ನಾಶವಾದ ದಿನ ಎಂದು ಬರೆಯಬೇಡಿ.